ಟಿ.ವಿ.ಯ ಕಿವಿ ಹಿಂಡಿದ ಕಥೆ

ಬಣ್ಣದ ಟಿ.ವಿ. ಮನೆಗೆ ಬಂದ ಹೊಸತರಲ್ಲಿ ಎಲ್ಲರೂ ಕಲಿತ ವಿದ್ಯೆಯೆಂದರೆ ಅದರ ಕಿವಿ ಹಿಂಡುವುದು. ಬ್ರೈಟ್‌ನೆಸ್, ಕಾಂಟ್ರಾಸ್ಟ್, ಕಲರ್ ಎಂಬ ಗುಂಡಿಗಳು ನಮಗೆ ಪರಿಚಿತ. ಆದರೆ ಅಮೆರಿಕದ ಮನೆಗಳಲ್ಲಿ ಇನ್ನೊಂದು ಗುಂಡಿ ಇತ್ತು. ಅದರ ಹೆಸರು ‘ಟಿಂಟ್’. ನಮಗೇಕೆ ಅದು ಬೇಕಾಗಲಿಲ್ಲ?

ಅಮೆರಿಕ 1953ರ ಡಿಸೆಂಬರ್‌ನಲ್ಲಿ ಎನ್.ಟಿ.ಎಸ್.ಸಿ. ಎಂಬ ವರ್ಣ ಪದ್ಧತಿಯನ್ನು ಒಪ್ಪಿಕೊಂಡಿತು. ಮನೆಗಳಲ್ಲಿದ್ದ ಕಪ್ಪು-ಬಿಳುಪು ಸೆಟ್ಟುಗಳು ಮೂಲೆಗುಂಪಾಗಬಾರದೆಂದು ಹಳೆಯ ಸಂಕೇತದ ಬೆನ್ನ ಮೇಲೆಯೇ ಬಣ್ಣವನ್ನು ಹೇರಲಾಯಿತು. ಬಣ್ಣ ಯಾವುದೆಂದು ಹೇಳುವುದು ಅಲೆ ಏಳುವ, ಬೀಳುವ ಹೊತ್ತು. ದಾರಿಯಲ್ಲಿ ಅದು ತುಸು ತಪ್ಪಿದರೂ ಮುಖ ಹಸಿರಾಗುತ್ತಿತ್ತು, ಇಲ್ಲವೇ ಕೆನ್ನೀಲಿ! ವೀಕ್ಷಕ ಎದ್ದು ಟಿಂಟ್ ತಿರುಗಿಸಬೇಕಿತ್ತು. ‘ಎಂದೂ ಒಂದೇ ಬಣ್ಣವಲ್ಲ’ ಎಂದು ಎಂಜಿನಿಯರುಗಳೇ ಆ ನಾಲ್ಕಕ್ಷರಗಳನ್ನು ಬಿಡಿಸಿ ನಗೆಯಾಡಿದರು.

ಜರ್ಮನಿಯ ಟೆಲಿಫುಂಕೆನ್ ಕಂಪನಿಯ ವಾಲ್ಟರ್ ಬ್ರುಖ್ 1963ರಲ್ಲಿ ‘ಪಾಲ್’ ಪದ್ಧತಿಯನ್ನು ಮುಂದಿಟ್ಟರು. ಬಣ್ಣದ ಸಂಕೇತದ ಒಂದು ಭಾಗವನ್ನು ಸಾಲು ಬಿಟ್ಟು ಸಾಲು ತಲೆಕೆಳಗು ಮಾಡಿ ಕಳಿಸುವುದು ಅವರ ಉಪಾಯ. ಒಂದು ಸಾಲಿನ ತಪ್ಪು ಒಂದು ಕಡೆ ವಾಲಿದರೆ ಮುಂದಿನ ಸಾಲಿನದು ಎದುರು ಕಡೆಗೆ. ಎರಡರ ಸರಾಸರಿಯಲ್ಲಿ ತಪ್ಪು ತಪ್ಪನ್ನು ನುಂಗುತ್ತದೆ. ಬಣ್ಣ ಪೇಲವವಾಗಬಹುದು, ಬೇರೆಯಾಗದು. ಇದಕ್ಕೆ ಒಂದು ಸಾಲಿನ ಸಂಕೇತವನ್ನು 64 ಮೈಕ್ರೊಸೆಕೆಂಡು ತಡೆದಿಡುವ ಬಿಡಿಭಾಗವೊಂದು ಸೆಟ್ಟಿನೊಳಗೆ ಬೇಕಾಯಿತು.

1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ, ಭಾರತ ಬಣ್ಣಕ್ಕೆ ಕಾಲಿಟ್ಟಾಗ ಆರಿಸಿಕೊಂಡದ್ದು ಪಾಲ್ ಪದ್ಧತಿಯನ್ನೇ. ಬೆಂಗಳೂರು ದೂರದರ್ಶನ ಕೇಂದ್ರಕ್ಕೆ ಆಗಿನ್ನೂ ಒಂದು ವರ್ಷ. ಟಿಂಟ್ ಕಾಟವೇನೋ ತಪ್ಪಿತು. ಆದರೆ ದುಡ್ಡು ಕೊಟ್ಟು ತಂದ ಬಣ್ಣ ಎದ್ದು ಕಾಣದಿದ್ದರೆ ಹೇಗೆ? ಕಲರ್ ಗುಂಡಿಯನ್ನು ಕೊನೆತನಕ ತಿರುಗಿಸಿ, ವಾರ್ತೆ ಓದುವವರ ಮುಖಕ್ಕೆ ಕುಂಕುಮ ಬಳಿದ ಮನೆಗಳು ಕಡಿಮೆ ಇರಲಿಲ್ಲ.

ಗುಂಡಿಗಳ ಹೆಸರೂ ದಾರಿ ತಪ್ಪಿಸುತ್ತದೆ. ಬ್ರೈಟ್‌ನೆಸ್ ನಿಜವಾಗಿ ತಿದ್ದುವುದು ಕಪ್ಪನ್ನು. ಕಾಂಟ್ರಾಸ್ಟ್ ತಿದ್ದುವುದು ಬಿಳುಪನ್ನು. ಕತ್ತಲ ದೃಶ್ಯದಲ್ಲಿ ಕಪ್ಪು ಕಪ್ಪಾಗಿಯೇ ಇದ್ದು ಕೂದಲಿನ ಎಳೆ ಕಾಣಬೇಕು. ಬಿಳಿ ಪಂಚೆಯ ಮಡಿಕೆ ಬೆಳಕಿನಲ್ಲಿ ಕರಗಬಾರದು. ಕೊನೆಗೆ ಬಣ್ಣ, ಅದಕ್ಕೆ ಮನುಷ್ಯರ ಮುಖವೇ ಸಾಕ್ಷಿ. ಈ ಕ್ರಮ ಇಂದಿನ ಸೆಟ್ಟುಗಳಿಗೂ ಸಲ್ಲುತ್ತದೆ.

ಇಂದು ಡಿಜಿಟಲ್ ಸಂಕೇತದ ಬಣ್ಣ ದಾರಿಯಲ್ಲಿ ಹಾಗೆ ಕೆಡುವುದಿಲ್ಲ. ಆದರೂ ಅಂಗಡಿಯ ಝಗಝಗಿಸುವ ದೀಪಗಳ ನಡುವೆ ಗಿರಾಕಿಯ ಕಣ್ಣು ಸೆಳೆಯಲೆಂದು ‘ವಿವಿಡ್’ ಎಂಬ ವೇಷ ತೊಟ್ಟ ಸೆಟ್ಟು ಅದೇ ವೇಷದಲ್ಲಿ ಮನೆಗೂ ಬರಬಹುದು. ಚಿತ್ರವನ್ನು ನುಣುಪಾಗಿಸಿ, ಹರಿತವಾಗಿಸಿ ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸಬಹುದು. ಇದರಿಂದ ಬೇಸತ್ತ ನಿರ್ದೇಶಕರ ಬೆಂಬಲದಿಂದ 2019ರಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಎಂಬ ವ್ಯವಸ್ಥೆ ಘೋಷಣೆಯಾಯಿತು. ಅದು ಈ ಅಲಂಕಾರಗಳನ್ನು ಕಳಚುತ್ತದೆ.

ಅಂದು ದಾರಿಯಲ್ಲಿ ಕೆಟ್ಟ ಬಣ್ಣವನ್ನು ನಾವು ಸರಿಪಡಿಸುತ್ತಿದ್ದೆವು. ಇಂದು ಸೆಟ್ಟು ಬಳಿದ ಬಣ್ಣವನ್ನು ತೊಳೆಯಬೇಕಾಗಿದೆ. ಗುಂಡಿಗಳು ಮೆನುವಿನೊಳಗೆ ಅಡಗಿದ್ದರೂ ಅವು ಇರುವುದು ನಮಗಾಗಿಯೇ. ಒಮ್ಮೆ ಕಿವಿ ಹಿಂಡಿ ನೋಡಿ!