ನೆಲದಡಿಯ ಲೆಕ್ಕ ಬರೆದವರು ಯಾರು?

ಕೋಲಾರದ ಚಿನ್ನದ ಗಣಿ ಕಂಡುಹಿಡಿದವರು ಯಾರು ಅಂತ ಶಾಲೆಯ ಮಕ್ಕಳನ್ನು ಕೇಳಿ ನೋಡಿ. ಓದಿಕೊಂಡ ಮಗು ‘ಲ್ಯಾವೆಲ್’ ಅನ್ನುತ್ತದೆ. ಇನ್ನೊಂದು ‘ಜಾನ್ ಟೇಲರ್ ಕಂಪನಿ’ ಅನ್ನುತ್ತದೆ. ಉಳಿದವು ಸಿನಿಮಾ ಹೀರೋ ಹೆಸರು ಹೇಳಿಯಾವು. ಈ ಮೂರು ಉತ್ತರದಲ್ಲಿ ಅಗೆದವನು ಎಲ್ಲೂ ಇಲ್ಲ. ಮಕ್ಕಳದು ತಪ್ಪಲ್ಲ. ನಾವು ಅವರ ಕೈಗೆ ಕೊಟ್ಟ ಕಾಗದ ಅಂಥದು.

ಕಂಪನಿಯ ಗಣಿಗೆ ಮೊದಲ ಗುದ್ದಲಿ ಹಾಕಿದ್ದು ಒಂದು ಟಿಪ್ಪಣಿ ಪುಸ್ತಕ. ಆ ಕತೆಯಿಂದಲೇ ಶುರು ಮಾಡೋಣ.

1799ರಲ್ಲಿ ಟಿಪ್ಪು ಬಿದ್ದ. ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಒಪ್ಪಿಸುವಾಗ ಗಡಿ ಅಳೆಯುವ ಕೆಲಸ ಬಂತು. ಆ ಕೆಲಸಕ್ಕೆ ಕೋಲಾರದ ಮೂಡಣ ಸೀಮೆಗೆ ಬಂದವನು ಲೆಫ್ಟಿನೆಂಟ್ ಜಾನ್ ವಾರನ್. 1802ರ ಮಾತು ಇದು. ಈ ಕಡೆ ಮಣ್ಣಲ್ಲಿ ಚಿನ್ನ ಸಿಗ್ತದೆ ಅಂತ ಜನ ಆಡಿಕೊಳ್ಳೋದು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಅಂತ ಸಾರಿಸಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದರು. ಅವನ ಕಣ್ಣೆದುರೇ ಮಣ್ಣನ್ನು ತೊಳೆದು ಚಿನ್ನದ ಪುಡಿ ತೆಗೆದು ತೋರಿಸಿದರು. ಸುಮಾರು 55 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ ಅಂತ ಅವನು ಲೆಕ್ಕ ಹಾಕಿದ. ಒಂದು ಗ್ರೇನ್ ಅಂದರೆ ನಮ್ಮ ಲೆಕ್ಕದಲ್ಲಿ ಅರ್ಧ ಗುಲಗಂಜಿ. ಮಾರಿಕುಪ್ಪದ ಹತ್ತಿರ ಹಳೆಯ ಗುಂಡಿಗಳನ್ನೂ ನೋಡಿದ. ಗುಂಡಿಯೊಳಗೆ ಸಾಲಾಗಿ ನಿಂತವರು ಕಲ್ಲು ತುಂಬಿದ ಬುಟ್ಟಿಯನ್ನು ಕೈಯಿಂದ ಕೈಗೆ ಮೇಲೆ ದಾಟಿಸುತ್ತಿದ್ದರು. ಮೇಲೆ ಹೆಂಗಸರು ಆ ಕಲ್ಲನ್ನು ದೊಡ್ಡ ಬಂಡೆಯ ಮೇಲೆ ಹಾಕಿ ಪುಡಿ ಆಗುವ ತನಕ ಕುಟ್ಟುತ್ತಿದ್ದರು. ಇದನ್ನೆಲ್ಲ ಅವನು ಬರೆದಿಟ್ಟ. ಬರೆದದ್ದು 1804ರಲ್ಲಿ ಅಚ್ಚಾಯಿತು.

ಅರವತ್ತೇಳು ವರ್ಷ ಕಳೆಯಿತು. ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ಮೇಲಿನ ಯುದ್ಧದಲ್ಲಿ ದುಡಿದು ಬಂದ ಐರಿಷ್ ಸಿಪಾಯಿ ಮೈಕೇಲ್ ಲ್ಯಾವೆಲ್ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ. ವಾರನ್ನನ ಹಳೆಯ ಬರಹ ಅವನ ಕೈಗೆ ಬಿತ್ತು. 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ, 1875ರಲ್ಲಿ ಅಪ್ಪಣೆ, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ. ಅಲ್ಲಿಂದ 2001ರವರೆಗೆ ಆ ನೆಲದಿಂದ ಸುಮಾರು 800 ಟನ್ ಚಿನ್ನ ಮೇಲೆ ಬಂತು.

ಲ್ಯಾವೆಲ್ ಹೆಸರಲ್ಲಿ ಬೆಂಗಳೂರಿನಲ್ಲಿ ಒಂದು ರಸ್ತೆ ಇದೆ. ವಾರನ್ನನ ಹೆಸರು ಪ್ರತಿ ಪುಸ್ತಕದಲ್ಲೂ ಇದೆ. ಬಂಡೆಯ ಮೇಲೆ ಕಲ್ಲು ಕುಟ್ಟಿದ ಹೆಂಗಸರ ಹೆಸರಲ್ಲಿ ಏನಿದೆ?

ಇದನ್ನು ಗೋಳಾಡಲಿಕ್ಕೆ ಹೇಳುತ್ತಿಲ್ಲ. ಒಂದು ಪಾಠ ಕಲಿಯಲಿಕ್ಕೆ ಹೇಳುತ್ತಿದ್ದೇನೆ. ಮಣ್ಣಲ್ಲಿ ಚಿನ್ನ ಇದೆ ಅನ್ನೋದು ವಾರನ್ನನಿಗೆ ಗೊತ್ತಾಗುವ ಮೊದಲೇ ಹಳ್ಳಿಯವರಿಗೆ ಗೊತ್ತಿತ್ತು. ಅವರ ತಿಳಿವಳಿಕೆ ಕೈಯಲ್ಲಿತ್ತು, ಬಾಯಲ್ಲಿತ್ತು. ಕಾಗದದಲ್ಲಿ ಇರಲಿಲ್ಲ. ಅದು ಕಾಗದಕ್ಕೆ ಇಳಿದದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಲ್ಲವನು ಅದನ್ನು ಓದಿದ, ಓದಿದವನಿಗೆ ಗುತ್ತಿಗೆ ಸಿಕ್ಕಿತು. ಮಣ್ಣು ತೊಳೆದು ತೋರಿಸಿದವರ ಪೀಳಿಗೆಗೆ ಸಿಕ್ಕಿದ್ದು ಕೂಲಿ. ಟಿಪ್ಪಣಿ ಪುಸ್ತಕ ಅಂದರೆ ಬರಿಯ ಕಾಗದ ಅಂತ ತಿಳಿದವರು ಈ ಕತೆಯನ್ನು ಇನ್ನೊಂದು ಸಲ ಓದಲಿ.

ಗಣಿಗೆ ಇಳಿದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಆದಿದ್ರಾವಿಡರು. ಊರ ಗೌಡರ ಜೀತಕ್ಕಿಂತ ನೆಲದಡಿಯ ಕತ್ತಲೆಯೇ ವಾಸಿ ಅಂತ ಬಂದವರು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಿಂದ ಬಂದ ಗಣಿಗಾರರು ಅವರ ಮೇಲಿನ ಸಾಹೇಬರು. ಸಾಹೇಬರಿಗೆ ಬಂಗಲೆ, ಕ್ಲಬ್ಬು. ಇವರಿಗೆ ಬಿದಿರು ತಟ್ಟಿಯ ಗುಡಿಸಿಲು. 1902ರಲ್ಲಿ ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಈ ಹೆಮ್ಮೆಯನ್ನು ನಾವೂ ಹೇಳಿಕೊಳ್ಳುತ್ತೇವೆ. ಆ ಕರೆಂಟು ಬಂದದ್ದು ಕಂಪನಿಯ ಯಂತ್ರ ತಿರುಗಿಸಲಿಕ್ಕೆ ಅನ್ನೋದನ್ನು ಮಾತ್ರ ಮರೆಯುತ್ತೇವೆ.

ಆಮೇಲೂ ಬರೆಯುವವರು ಬರೆಯುತ್ತಲೇ ಇದ್ದರು. ಕಂಪನಿ ಟನ್ನು, ಔನ್ಸಿನ ಲೆಕ್ಕ ಬರೆಯಿತು. ವೆಸ್ಲಿಯನ್ ಮಿಷನ್ನಿನ ಪಾದ್ರಿ ಫ್ರೆಡ್ ಗುಡ್‌ವಿಲ್ ಈ ಸೀಮೆಯ ಹಳೆಯ ಸಂಗತಿಗಳನ್ನು ಹುಡುಕಿ ಬೆಂಗಳೂರಿನ ಮಿಥಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಡಾಕ್ಟರುಗಳು ಎದೆಯ ಫೋಟೋ ತೆಗೆದು ಬರೆದರು: 1940ರ ದಶಕದಲ್ಲಿ ಪರೀಕ್ಷೆಗೆ ಒಳಗಾದ 7,653 ಕಾರ್ಮಿಕರಲ್ಲಿ ನೂರಕ್ಕೆ 43ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್. ಕಲ್ಲಿನ ಧೂಳು ಶ್ವಾಸಕೋಶದೊಳಗೆ ಕೂತು ಅದನ್ನೇ ಕಲ್ಲು ಮಾಡುವ ರೋಗ ಅದು. ವಿಜ್ಞಾನಿಗಳೂ ಬಂದರು. ಎರಡು ಕಿಲೋಮೀಟರಿಗೂ ಆಳದಲ್ಲಿ ಯಂತ್ರಗಳನ್ನಿಟ್ಟು 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದರು. ಜಗತ್ತೇ ಬೆರಗಾದ ಕೆಲಸ. ಪ್ರಬಂಧದಲ್ಲಿ ವಿಜ್ಞಾನಿಗಳ ಹೆಸರಿದೆ. ಆ ಆಳವನ್ನು ತೋಡಿ, ಕಂಬ ನಿಲ್ಲಿಸಿ, ಉಸಿರಿಗೆ ಗಾಳಿ ಒದಗಿಸಿದವರ ಹೆಸರು?

ಸರ್ಕಾರಕ್ಕೆ ಕಾರ್ಮಿಕನ ಗುರುತು ಬೇಕಾಗಿರಲಿಲ್ಲ ಅಂತಲ್ಲ, ಬೇಕಾಗಿತ್ತು. 1930ರಲ್ಲಿ ಪ್ರತಿ ಕೂಲಿಯವನ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟರು. ನಾವು ಕಳ್ಳರೇನು ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಹಿಂದೆ ಬಲವಾದ ಸಂಘ ಇಲ್ಲ, ದೊಡ್ಡ ನಾಯಕ ಇಲ್ಲ. ಆದರೂ ಸುಮಾರು ಮೂರು ವಾರ ಗಣಿ ನಿಂತಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಈ ಹೋರಾಟಗಳನ್ನು ಜಾನಕಿ ನಾಯರ್ ಅವರಂಥ ಇತಿಹಾಸಕಾರರು ಸರ್ಕಾರಿ ಕಡತಗಳನ್ನು ಜಾಲಾಡಿ ಬರೆದಿದ್ದಾರೆ. ಅವರ ಋಣ ದೊಡ್ಡದು. ಆದರೆ ಕಡತ ಅನ್ನೋದು ಪೊಲೀಸನ ಕಣ್ಣು, ಅಧಿಕಾರಿಯ ಕಣ್ಣು. ಮುಷ್ಕರದ ಆ ಮೂರು ವಾರ ಲೈನು ಮನೆಗಳಲ್ಲಿ ಒಲೆ ಹೇಗೆ ಉರಿಯಿತು, ಯಾರ ಓಲೆ ಯಾವ ಅಂಗಡಿಗೆ ಅಡವಿಗೆ ಹೋಯಿತು ಅನ್ನೋದು ಯಾವ ಕಡತದಲ್ಲಿ ಸಿಕ್ಕೀತು?

ನಮ್ಮವರು ಬರೆದೇ ಇಲ್ಲ ಅನ್ನುವವರಿಗೆ ಒಂದು ಮಾತು. ಪಂಡಿತ ಅಯೋತಿದಾಸರ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪದಲ್ಲಿ ಗಟ್ಟಿಯಾದ ಶಾಖೆ ಇತ್ತು. 1907ರಲ್ಲಿ ಅವರು ಮದರಾಸಿನಲ್ಲಿ ಶುರು ಮಾಡಿದ ‘ಒರು ಪೈಸಾ ತಮಿಳನ್’ ವಾರಪತ್ರಿಕೆಯನ್ನು ಗಣಿಯ ಕೂಲಿಗಳು ಓದಿದರು, ಓದಲು ಬಾರದವರು ಓದಿಸಿ ಕೇಳಿದರು. 1914ರಲ್ಲಿ ಅಯೋತಿದಾಸರು ತೀರಿಕೊಂಡರು. 1926ರಿಂದ ಜಿ. ಅಪ್ಪಾದುರೈಯಾರ್ ಆ ಪತ್ರಿಕೆಯನ್ನು ಕೆಜಿಎಫ್‌ನಿಂದಲೇ ಮತ್ತೆ ಹೊರಡಿಸಿದರು. ಹಗಲು ಪಾತಾಳಕ್ಕೆ ಇಳಿದು ಬಂದವರ ಊರಿನಲ್ಲಿ ಬುದ್ಧನ ಮಾತು ಅಚ್ಚಾಗುತ್ತಿತ್ತು!

ಆ ಹಳೆಯ ಸಂಚಿಕೆಗಳನ್ನು ಕಾಪಾಡಿದವರು ಪತ್ರಿಕೆಯನ್ನು ನಂಬಿದ ದಲಿತ ಓದುಗರೇ. ತಗಡಿನ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ ಇಟ್ಟುಕೊಂಡಿದ್ದರು. 1999ರಿಂದ ಅಯೋತಿದಾಸರ ಬರಹಗಳು ಜಿ. ಅಲೋಷಿಯಸ್ ಅವರ ಸಂಪಾದಕತ್ವದಲ್ಲಿ ಸಂಪುಟಗಳಾಗಿ ಬಂದವು. ಬಂದ ಮೇಲೆ ತಮಿಳುನಾಡಿನ ವಿಚಾರ ಚರಿತ್ರೆಯನ್ನೇ ತಿದ್ದಿ ಬರೆಯಬೇಕಾಯಿತು. ದ್ರಾವಿಡ ಚಳವಳಿಗೆ ಮೊದಲೇ ಒಬ್ಬ ದಲಿತ ಚಿಂತಕ ಜಾತಿಯ ಬೇರನ್ನು ಕೆದಕಿದ್ದ ಅನ್ನೋದನ್ನು ವಿಶ್ವವಿದ್ಯಾಲಯಗಳು ಒಪ್ಪಬೇಕಾಯಿತು. ಅಟ್ಟದ ಮೇಲಿನ ಕಾಗದಕ್ಕೆ ಅಷ್ಟು ಬಲ ಇದೆ.

ಈಗ ಇವತ್ತಿಗೆ ಬರೋಣ. 2001ರಲ್ಲಿ ಗಣಿ ಮುಚ್ಚಿತು. ಪಂಪು ನಿಂತವು, ನೀರು ಏರಿತು. ಮೂರು ಕಿಲೋಮೀಟರು ಆಳದ ಚಾಂಪಿಯನ್ ರೀಫ್‌ಗೆ ಇಳಿದು ನೋಡುತ್ತೇವೆ ಅಂದರೆ ಇನ್ನು ಆಗದ ಮಾತು. ಆ ಲೋಕ ಈಗ ಉಳಿದಿರುವುದು ಎರಡೇ ಕಡೆ: ಮುದುಕರ ನೆನಪಿನಲ್ಲಿ, ಅವರ ಮನೆಯ ಕಾಗದದಲ್ಲಿ. ಗಣಿ ಮುಚ್ಚಿದಾಗ ಐವತ್ತು ಆಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಧೂಳು ಕುಡಿದ ಎದೆ ಎಷ್ಟು ವರ್ಷ ಕಾಯುತ್ತದೆ?

ಪ್ರತಿ ಗಣಿ ಊರಲ್ಲೂ ಬರೆಯುವ ಹುಚ್ಚಿನ ಒಬ್ಬರಾದರೂ ಇರುತ್ತಾರೆ. ಸಂಘದ ಗುಮಾಸ್ತರೋ, ಹಾಜರಿ ಬರೆಯುತ್ತಿದ್ದವರೋ, ಪ್ರೈಮರಿ ಶಾಲೆ ಮೇಷ್ಟ್ರೋ. ಯಾವ ಶಾಫ್ಟಿನಲ್ಲಿ ಯಾವ ದಿನ ಬಂಡೆ ಸಿಡಿಯಿತು, ಯಾರು ಮೇಲೆ ಬರಲಿಲ್ಲ, ಯಾವ ಲೈನಿನಲ್ಲಿ ಯಾವ ಊರಿನವರು, ಯಾವ ಜಾತ್ರೆ, ಯಾವ ಹಾಡು ಅಂತ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುತ್ತಾರೆ. ಅವರಿಗೆ ಇತಿಹಾಸಕಾರ ಅನ್ನುವ ಪಟ್ಟ ಇಲ್ಲ. ಅವರು ಕಣ್ಣು ಮುಚ್ಚಿದ ಮೇಲೆ ಮನೆ ಸುಣ್ಣ ಬಳಿಯುವ ದಿನ ಆ ಪುಸ್ತಕಗಳು ತೂಕಕ್ಕೆ ಹೋಗುತ್ತವೆ. ಮನೆಯವರನ್ನು ಬೈಯಬೇಡಿ. ಇದಕ್ಕೆ ಬೆಲೆ ಇದೆ ಅಂತ ಅವರಿಗೆ ಯಾರಾದರೂ ಹೇಳಿದ್ದೀವಾ?

ಬೇರೆ ಕಡೆ ಹೇಳಿದವರಿದ್ದಾರೆ. ಬ್ರಿಟನ್ನಿನ ದಕ್ಷಿಣ ವೇಲ್ಸಿನಲ್ಲಿ ಕಲ್ಲಿದ್ದಲು ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ಕೆಲವರು ಟೇಪ್ ರೆಕಾರ್ಡರ್ ಹೊತ್ತು ಮುದಿ ಗಣಿಗಾರರ ಮನೆಗೆ ಹೋದರು. ಅವರಲ್ಲಿ ಮುಂದಾಳು ಹೈವೆಲ್ ಫ್ರಾನ್ಸಿಸ್, ಗಣಿ ಕಾರ್ಮಿಕ ಸಂಘದ ನಾಯಕನ ಮಗ. ಕಾರ್ಮಿಕರ ಓದುಮನೆಗಳ ಪುಸ್ತಕ, ಸಂಘದ ಕಡತ, ಬಾಯಿಮಾತು ಎಲ್ಲ ಸೇರಿ 1973ರಲ್ಲಿ ಸ್ವಾನ್‌ಸಿಯಲ್ಲಿ ಗಣಿ ಕಾರ್ಮಿಕರ ಗ್ರಂಥಾಲಯ ಎದ್ದಿತು. ನಮ್ಮ ಕೈಯಲ್ಲಿ ಇವತ್ತು ಟೇಪ್ ರೆಕಾರ್ಡರಿಗಿಂತ ದೊಡ್ಡ ಯಂತ್ರ ಇದೆ. ಪ್ರತಿ ವಿದ್ಯಾರ್ಥಿಯ ಜೇಬಿನಲ್ಲಿದೆ.

ಆದ್ದರಿಂದ ಗೆಳೆಯರೇ, ಕೆಲಸದ ಮಾತು.

ಪುಸ್ತಕವನ್ನು ಮನೆಯಿಂದ ಎತ್ತಿಕೊಂಡು ಹೋಗಬೇಡಿ. ನಮ್ಮವರ ಮನೆಯಿಂದ ಹೀಗೆ ‘ನೋಡಿ ಕೊಡ್ತೀನಿ’ ಅಂತ ಹೋದದ್ದು ವಾಪಸು ಬಂದದ್ದು ಕಮ್ಮಿ. ಅಲ್ಲೇ ಕೂತು, ಕಿಟಕಿಯ ಬೆಳಕಿನಲ್ಲಿ, ಮೇಲಿನ ರಟ್ಟಿನಿಂದ ಕಡೆಯ ರಟ್ಟಿನವರೆಗೆ ಪುಟಪುಟವನ್ನೂ ಫೋನಿನಲ್ಲಿ ತೆಗೆಯಿರಿ. ಖಾಲಿ ಪುಟ, ಅಂಚಿನ ಗೀಚು, ಒಳಗೆ ಸಿಕ್ಕಿಸಿದ ಸಂಬಳದ ಚೀಟಿ ಯಾವುದನ್ನೂ ಬಿಡಬೇಡಿ. ಹರಿದ ಪುಟಕ್ಕೆ ಗಮ್‌ಟೇಪ್ ಅಂಟಿಸಬೇಡಿ, ಅದು ಕಾಗದವನ್ನು ತಿನ್ನುತ್ತದೆ. ಯಾರು ಬರೆದದ್ದು, ಯಾವ ಲೈನು, ಯಾವ ವರ್ಷ, ಯಾರು ತೋರಿಸಿದರು ಅನ್ನೋದನ್ನು ಅವತ್ತೇ ಬರೆದುಕೊಳ್ಳಿ.

ಭಾಷೆ ತಿದ್ದಬೇಡಿ, ಮೇಷ್ಟ್ರುಗಳಿಗೆ ಈ ಮಾತು ವಿಶೇಷವಾಗಿ. ಕೆಜಿಎಫ್ ಮಾತಿನಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು, ಗಣಿಯ ಇಂಗ್ಲಿಷ್ ಎಲ್ಲ ಕಲಸಿಕೊಂಡಿದೆ. ಆ ಕಲಸುಮಾತೇ ಅಲ್ಲಿನ ಇತಿಹಾಸ. ಇದ್ದದ್ದು ಇದ್ದಹಾಗೆ ಟೈಪು ಮಾಡಿ, ಕನ್ನಡ ಅನುವಾದವನ್ನು ಪಕ್ಕದಲ್ಲಿ ಬೇರೆಯಾಗಿ ಇಡಿ. ಬರಿಯ ಚಿತ್ರ ಹಾಕಿದರೆ ಹುಡುಕಿದವರಿಗೆ ಸಿಗುವುದಿಲ್ಲ, ಯೂನಿಕೋಡ್‌ನಲ್ಲಿ ಅಕ್ಷರ ಕೂಡಿಸಿದರೆ ಸಿಗುತ್ತದೆ. ಇವತ್ತು ನೆಟ್ಟಿನಲ್ಲಿ ‘ಕೆಜಿಎಫ್’ ಅಂತ ಹುಡುಕಿದರೆ 2018ರ, 2022ರ ಸಿನಿಮಾಗಳು ಮುಂದೆ ನಿಲ್ಲುತ್ತವೆ. ಅಗೆದವರ ಮಾತು ಅಲ್ಲಿ ಸಿಗಬೇಕಾದರೆ ಅದನ್ನು ಅಲ್ಲಿ ಇಡುವವರು ನಾವೇ.

ಪ್ರತಿ ಮೂರು ಇರಲಿ. ಒಂದು ಆ ಮನೆಯಲ್ಲಿ, ಒಂದು ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ, ಒಂದು ಇಂಟರ್ನೆಟ್ ಆರ್ಕೈವ್‌ನಂಥ ದುಡ್ಡು ಕೇಳದ ಜಾಗದಲ್ಲಿ. ವಾರನ್ನನ ಕಾಲದ ಪುಸ್ತಕಗಳು, ರೈಸ್ ಸಾಹೇಬರ ಗೆಜೆಟಿಯರು ಆಗಲೇ ಅಲ್ಲಿವೆ. ಅವುಗಳ ಪಕ್ಕದಲ್ಲಿ ನಮ್ಮ ನೂರು ಪುಟದ ನೋಟ್‌ಬುಕ್ಕೂ ಕೂರಲಿ.

ಆದರೆ ಎಚ್ಚರ. ಬರೆದವರು ತೀರಿಕೊಂಡರೂ ಅದರ ಹಕ್ಕು ಅವರ ಮನೆಯವರದು. ಕೇಳದೆ ಒಂದು ಪುಟವನ್ನೂ ಹಾಕಬೇಡಿ. ಯಾರ ಸಾಲ, ಯಾರ ಕಾಯಿಲೆ, ಯಾರ ಮನೆಯ ಜಗಳ ಅನ್ನುವ ಪುಟಗಳು ಸದ್ಯಕ್ಕೆ ಮುಚ್ಚಿಯೇ ಇರಲಿ. ಹಾಕಿದ ಕಡೆ ಬರೆದವರ ಹೆಸರು ಮೊದಲು, ಫೋಟೋ ತೆಗೆದವರದು ಆಮೇಲೆ. ಇಲ್ಲದಿದ್ದರೆ ನಾವೂ ಇನ್ನೊಬ್ಬ ವಾರನ್ ಆಗುತ್ತೇವೆ: ಹೇಳಿದವರನ್ನು ಬಿಟ್ಟು, ಕೇಳಿ ಬರೆದುಕೊಂಡವನೇ ಉಳಿದ ಹಾಗೆ.

ಕಡೆಯದಾಗಿ ಒಂದು ಲೆಕ್ಕ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡದವರು ಯಾರು? ಆ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ 2024ರಲ್ಲಿ ನಮ್ಮ ರಾಜ್ಯ ಸಂಪುಟವೂ ಒಪ್ಪಿತು, 13 ದಿಬ್ಬಗಳಿಗೆ. ಯಾವ ದಿಬ್ಬದಲ್ಲಿ ಎಷ್ಟು ಚಿನ್ನ ಉಳಿದಿದೆ ಅನ್ನುವ ಲೆಕ್ಕ ಕಳೆದುಹೋಗಿಲ್ಲ, ಜೋಪಾನವಾಗಿದೆ. ಗಾಳಿ ಎದ್ದಾಗಲೆಲ್ಲ ಆ ದಿಬ್ಬದ ಧೂಳನ್ನು ಅನ್ನದ ಜೊತೆ ಉಂಡವರ ಲೆಕ್ಕ ಎಲ್ಲಿದೆ? ನಾಳೆ ಮಾತುಕತೆಗೆ ಕೂತಾಗ ಎರಡು ಲೆಕ್ಕವೂ ಮೇಜಿನ ಮೇಲೆ ಇರಬೇಕು. ಒಂದನ್ನು ಅವರು ತರುತ್ತಾರೆ. ಇನ್ನೊಂದು ಯಾವುದೋ ಲೈನು ಮನೆಯ ಅಟ್ಟದಲ್ಲಿದೆ. ಈ ಭಾನುವಾರವೇ ಹೋಗಿ ಬಾಗಿಲು ತಟ್ಟಿ.