ಹನ್ನೆರಡು ವೋಲ್ಟಿನ ಲೆಕ್ಕ ಹುಡುಕಿದವರು

1990ರ ದಶಕದ ಕೊನೆಯರ್ಧದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ78 ಎಂಬ ಚಿಪ್ ಮದರ್‌ಬೋರ್ಡುಗಳ ಮೇಲೆ ಕಾಣಿಸಿಕೊಳ್ಳತೊಡಗಿತು. ಏಳು ವೋಲ್ಟೇಜು, ಮೂರು ಫ್ಯಾನಿನ ವೇಗ, ಬೋರ್ಡಿನ ಉಷ್ಣತೆ, ಇಷ್ಟನ್ನು ಅದು ಅಳೆಯುತ್ತಿತ್ತು. ಅಲ್ಲಿಯವರೆಗೆ ನಮ್ಮಂಥವರು ಫ್ಯಾನ್ ನಿಂತಿದೆಯೇ ಎಂದು ತಿಳಿಯಲು ಕ್ಯಾಬಿನೆಟ್ಟಿಗೆ ಕಿವಿಗೊಡಬೇಕಿತ್ತು, ಇಲ್ಲವೇ ಯಂತ್ರ ಹ್ಯಾಂಗ್ ಆಗುವವರೆಗೆ ಕಾಯಬೇಕಿತ್ತು.

ಚಿಪ್ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದರೊಳಗಿನ ಅಂಕಿಯನ್ನು ಹೊರಗೆ ತರುವ ಡ್ರೈವರ್ ಬೇಕಲ್ಲ! ಲಿನಕ್ಸಿಗೆ ಅಲೆಕ್ಸಾಂಡರ್ ಲಾರ್ಸನ್ ಬರೆದ ಎಲ್‌ಎಂ78 ಡ್ರೈವರ್ ಮೊದಲು ಬಂತು. 1998ರಲ್ಲಿ ಫ್ರೋಡೊ ಲೂಯಾರ್ಡ್ ಮತ್ತು ಫಿಲಿಪ್ ಎಡೆಲ್‌ಬ್ರಾಕ್ ಆ ಕೆಲಸವನ್ನು ಹಿಗ್ಗಿಸಿ ಎಲ್‌ಎಂ-ಸೆನ್ಸರ್ಸ್ ಎಂಬ ಯೋಜನೆ ಕಟ್ಟಿದರು. ಕಾಲೇಜಿನ ಲ್ಯಾಬಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಯಂತ್ರ ಜೋಡಿಸುತ್ತಿದ್ದ ನಾನು ಈ ತಂತ್ರಾಂಶದ ಋಣದಲ್ಲಿದ್ದೇನೆ. ಬೇಸಿಗೆಯಲ್ಲಿ ಯಾವ ಯಂತ್ರ ಬಿಸಿಯೇರುತ್ತಿದೆ ಎಂಬುದನ್ನು ಕ್ಯಾಬಿನೆಟ್ ಬಿಚ್ಚದೆ ತಿಳಿದದ್ದು ಇದರಿಂದಲೇ.

ಈ ಡ್ರೈವರ್ ಬರೆದವರು ನಿಜವಾಗಿ ಹೆಣಗಿದ್ದು ಎಲ್ಲಿ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಎಲ್‌ಎಂ78 ಒಂದೊಂದು ವೋಲ್ಟೇಜನ್ನೂ 8 ಬಿಟ್ಟಿನಲ್ಲಿ, 16 ಮಿಲಿವೋಲ್ಟಿನ ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಅಂದರೆ ನಾಲ್ಕು ವೋಲ್ಟಿನ ಆಸುಪಾಸಿಗೆ ಅದರ ಅಳತೆ ಮುಗಿಯಿತು. 12 ವೋಲ್ಟಿನ ತಂತಿಯನ್ನು ನೇರವಾಗಿ ಕೊಡುವಂತಿಲ್ಲ. ಹಾಗಾಗಿ ಬೋರ್ಡಿನ ಮೇಲೆ ಎರಡು ರೆಸಿಸ್ಟರ್ ಇಟ್ಟು ವೋಲ್ಟೇಜನ್ನು ಇಳಿಸುತ್ತಾರೆ. 28 ಕಿಲೋಓಮ್ ಮತ್ತು 10 ಕಿಲೋಓಮ್ ಇಟ್ಟರೆ 12 ವೋಲ್ಟ್ 3.16ಕ್ಕೆ ಇಳಿಯುತ್ತದೆ. ಚಿಪ್ ಆಗ ಕೊಡುವ ಅಂಕಿ 197. ಅದನ್ನು 16ರಿಂದ, ಮತ್ತೆ 3.8ರಿಂದ ಗುಣಿಸಿದರೆ 11.98 ವೋಲ್ಟ್ ಸಿಗುತ್ತದೆ. 16 ಎಂಬುದು ಚಿಪ್ಪಿನ ಡೇಟಾಶೀಟಿನಲ್ಲಿದೆ. 3.8 ಎಲ್ಲಿದೆ? ಬೋರ್ಡ್ ತಯಾರಿಸಿದವನ ಕಡತದಲ್ಲಿ. ಅವನು ಬೇರೆ ರೆಸಿಸ್ಟರ್ ಹಾಕಿದ್ದರೆ ಲೆಕ್ಕವೇ ಬೇರೆ. ಹೆಚ್ಚಿನ ತಯಾರಕರು ಅದನ್ನು ಹೇಳುತ್ತಿರಲಿಲ್ಲ. ತಕ್ಕಡಿ ಕೈಯಲ್ಲಿದ್ದರೂ ಬಟ್ಟಿನ ತೂಕ ಗೊತ್ತಿಲ್ಲದ ಹಾಗೆ.

ಫ್ಯಾನಿನದೂ ಇಂಥದೇ ಕಥೆ. ಚಿಪ್ ಸುತ್ತುಗಳನ್ನು ಎಣಿಸುವುದಿಲ್ಲ. ಫ್ಯಾನಿನ ಪಲ್ಸುಗಳ ನಡುವಿನ ಹೊತ್ತನ್ನು ತನ್ನ 22.5 ಕಿಲೋಹರ್ಟ್ಸ್ ಗಡಿಯಾರದಿಂದ ಎಣಿಸುತ್ತದೆ. 13,50,000ವನ್ನು ಆ ಎಣಿಕೆಯಿಂದಲೂ ಚಿಪ್ಪಿನಲ್ಲಿ ಹೊಂದಿಸಿಟ್ಟ ಒಂದು ಭಾಜಕದಿಂದಲೂ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಬರುತ್ತದೆ. ಫ್ಯಾನ್ ನಿಧಾನವಾದಷ್ಟೂ ಎಣಿಕೆ ದೊಡ್ಡದಾಗುತ್ತದೆ, ಆದರೆ 255 ದಾಟುವಂತಿಲ್ಲ. ಭಾಜಕ 2 ಇದ್ದಾಗ ಸುಮಾರು 2,650 ಸುತ್ತಿಗಿಂತ ಕಡಿಮೆ ವೇಗದ ಫ್ಯಾನ್ ಸೊನ್ನೆ ತೋರಿಸುತ್ತದೆ! ಚೆನ್ನಾಗಿ ತಿರುಗುತ್ತಿರುವ ಫ್ಯಾನನ್ನು ಕೆಟ್ಟಿತೆಂದು ಬದಲಿಸಿದವರು ಎಷ್ಟು ಮಂದಿಯೋ. ಭಾಜಕವನ್ನು 8ಕ್ಕೆ ಏರಿಸಿದರೆ ಸಾಕಿತ್ತು.

ಎಲ್‌ಎಂ78ರ ಹಿಂದೆಯೇ ತೈವಾನಿನ ವಿನ್‌ಬಾಂಡ್, ಐಟಿಇ ಕಂಪನಿಗಳ ಚಿಪ್ಪುಗಳು ಬಂದವು. ಒಂದೇ ಚಿಪ್, ಆದರೆ ಬೋರ್ಡಿಗೊಂದು ಬಗೆಯ ಜೋಡಣೆ. ಬಳಕೆದಾರರು ತಮ್ಮ ಬಯೋಸ್ ಪರದೆಯ ಅಂಕಿಗಳನ್ನು ಡ್ರೈವರಿನ ಅಂಕಿಗಳ ಪಕ್ಕದಲ್ಲಿಟ್ಟು, ಗುಣಕಗಳನ್ನು ಹಿಂದುಮುಂದಾಗಿ ಲೆಕ್ಕ ಹಾಕಿ ಬರೆದು ಕಳುಹಿಸಿದರು. ಈ ಗುಣಕಗಳನ್ನು ಬರೆದಿಡುವ ಯೋಜನೆಯ ಸಂರಚನಾ ಕಡತ ಬೆಳೆದದ್ದು ಹೀಗೆ. ಕಂಪನಿಗಳು ಒಂದು ಪುಟದಲ್ಲಿ ಹೇಳಬಹುದಾಗಿದ್ದ ವಿಷಯಕ್ಕೆ ಸ್ವಯಂಸೇವಕರು ವರ್ಷಗಟ್ಟಲೆ ದುಡಿದದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಮಾಹಿತಿಯಿಲ್ಲದೆ ತಡಕಾಡುವುದರಲ್ಲಿ ಅಪಾಯವೂ ಇತ್ತು. ಚಿಪ್ ಎಲ್ಲಿದೆ ಎಂದು ತಿಳಿಯಲು ತಂತ್ರಾಂಶ ಬೋರ್ಡಿನ ಚಿಪ್ಪುಗಳನ್ನು ಬೆಸೆಯುವ ಎಸ್‌ಎಂಬಸ್ ಮೇಲಿನ ಒಂದೊಂದು ವಿಳಾಸವನ್ನೂ ತಟ್ಟಿ ನೋಡುತ್ತಿತ್ತು. ಐಬಿಎಂನ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಅದೇ ಬಸ್ಸಿನ ಮೇಲೆ ಅಟ್ಮೆಲ್‌ನ ಒಂದು ಈಪ್ರಾಮ್ (ಮಾಹಿತಿ ಉಳಿಸಿಡುವ ಚಿಪ್) ಇತ್ತು. ಅದು ಈ ತಟ್ಟುವಿಕೆಯನ್ನು ತಪ್ಪಾಗಿ ಗ್ರಹಿಸಿ ತನ್ನೊಳಗಿನ ಮಾಹಿತಿಯನ್ನು ಕೆಡಿಸಿಕೊಂಡಿತು, ಲ್ಯಾಪ್‌ಟಾಪ್‌ಗಳು ಮತ್ತೆ ಬೂಟ್ ಆಗಲಿಲ್ಲ. ಆಮೇಲೆ ಆ ಬಸ್ಸನ್ನು ನಡೆಸುವ ಪಿಐಐಎಕ್ಸ್4 ಡ್ರೈವರಿಗೆ ಒಂದು ತಡೆ ಸೇರಿಸಿದರು: ಯಂತ್ರ ಐಬಿಎಂನದೆಂದು ಕಂಡರೆ, ಈಪ್ರಾಮ್ ಕೆಡಬಹುದೆಂದು ಎಚ್ಚರಿಸಿ ಲೋಡ್ ಆಗಲು ಅದು ನಿರಾಕರಿಸುತ್ತದೆ.

2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6 ಕರ್ನೆಲ್ಲಿನ ಹೊತ್ತಿಗೆ ಈ ಡ್ರೈವರುಗಳು ಕರ್ನೆಲ್ಲಿನೊಳಗೇ ಸೇರತೊಡಗಿದವು. 2005ರಲ್ಲಿ ಅವಕ್ಕೆಂದೇ ಹೆಚ್‌ಡಬ್ಲ್ಯೂಮಾನ್ ಎಂಬ ಪ್ರತ್ಯೇಕ ವಿಭಾಗವಾಯಿತು. ಮುಂದೆ ಜೀನ್ ಡೆಲ್ವಾರ್, ಗುಂಟರ್ ರೋಕ್ ಅದನ್ನು ನೋಡಿಕೊಂಡರು. ಉಷ್ಣತೆ ಮಿಲಿ ಡಿಗ್ರಿಯಲ್ಲಿ, ವೋಲ್ಟೇಜು ಮಿಲಿವೋಲ್ಟಿನಲ್ಲಿ ಎಂದು ಎಲ್ಲ ಚಿಪ್ಪುಗಳಿಗೂ ಒಂದೇ ಪದ್ಧತಿ ಬಂತು. ಕರ್ನೆಲ್ ತೋರಿಸುವ ಉಷ್ಣತೆಯ ಕಡತದಲ್ಲಿ 45000 ಎಂದಿದ್ದರೆ 45 ಡಿಗ್ರಿ.

ಆದರೂ ಹಳೆಯ ತೊಡಕು ಬಿಟ್ಟಿಲ್ಲ. 2017ರಲ್ಲಿ ಬಂದ ರೈಜನ್ 1800ಎಕ್ಸ್ ಪ್ರೊಸೆಸರ್ ತನ್ನ ನಿಜವಾದ ಉಷ್ಣತೆಗೆ 20 ಡಿಗ್ರಿ ಸೇರಿಸಿ ಹೇಳುತ್ತಿತ್ತು. ಅದನ್ನು ಕಳೆದು ತೋರಿಸಲು ಡ್ರೈವರಿನಲ್ಲಿ ಪ್ರೊಸೆಸರಿನ ಹೆಸರು ನೋಡುವ ಪಟ್ಟಿಯನ್ನೇ ಸೇರಿಸಬೇಕಾಯಿತು.

ನಿಮ್ಮ ಯಂತ್ರದಲ್ಲಿ 12 ವೋಲ್ಟಿನ ಜಾಗದಲ್ಲಿ ವಿಚಿತ್ರ ಅಂಕಿ ಕಂಡರೆ ಪವರ್ ಸಪ್ಲೈ ಬದಲಿಸುವ ಮೊದಲು ಬಯೋಸ್ ತೆರೆದು ಹೋಲಿಸಿ ನೋಡಿ. ಗುಣಕ ತಪ್ಪಿದ್ದರೆ ಸರಿಯಾದದ್ದನ್ನು ಲೆಕ್ಕ ಹಾಕಿ, ಬೋರ್ಡಿನ ಮಾದರಿಯ ಹೆಸರಿನೊಂದಿಗೆ ಎಲ್‌ಎಂ-ಸೆನ್ಸರ್ಸ್ ಯೋಜನೆಗೆ ಕಳುಹಿಸಿ. ಅದೇ ಬೋರ್ಡ್ ಇರುವ ಇನ್ನೊಬ್ಬರಿಗೆ ಆ ದುಡಿಮೆ ತಪ್ಪುತ್ತದೆ.