ದೂಳು ಕಾಣದ ಗಣಿ: ಕೋಲಾರ ಚಿನ್ನದ ಗಣಿಗಳ ಛಾಯಾಚಿತ್ರಗಳನ್ನು ಸಾಕ್ಷ್ಯವಾಗಿ ಓದುವ ಬಗೆ

ಕೋಲಾರ ಚಿನ್ನದ ಗಣಿಗಳ ಇತಿಹಾಸದ ಚೌಕಟ್ಟಿನ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 1956ರಲ್ಲಿ ರಾಷ್ಟ್ರೀಕರಣ, 2001ರಲ್ಲಿ ಮುಚ್ಚುಗಡೆ. ಕಾರ್ಮಿಕರ ಬದುಕನ್ನು ಜಾನಕಿ ನಾಯರ್ 1998ರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಕೃತಿಯಲ್ಲಿ ವಿಸ್ತಾರವಾಗಿ ಶೋಧಿಸಿದ್ದಾರೆ. ಆದರೆ ಗಣಿಯ ಚಿತ್ರಗಳು ಬಹುಮಟ್ಟಿಗೆ ಪುಸ್ತಕದ ಅಲಂಕಾರವಾಗಿಯೇ ಉಳಿದಿವೆ. ಅವನ್ನು ದಾಖಲೆಯೆಂದು ಓದಲು ಹೊರಟರೆ ಎದುರಾಗುವ ಒಂದು ಪ್ರಶ್ನೆಗಷ್ಟೇ ಈ ಲೇಖನ ಸೀಮಿತ.

ಗಣಿಚಿತ್ರಗಳ ಚರ್ಚೆಯಲ್ಲಿ ಅಲನ್ ಸೆಕುಲಾ 1983ರಲ್ಲಿ ಬರೆದ ಪ್ರಬಂಧವನ್ನು ದಾಟಿ ಹೋಗುವಂತಿಲ್ಲ. ಕೆನಡಾದ ಗ್ಲೇಸ್ ಬೇ ಎಂಬ ಕಲ್ಲಿದ್ದಲು ಊರಿನ ಶೆಡನ್ ಸ್ಟುಡಿಯೋ 1948ರಿಂದ 1968ರವರೆಗೆ ತೆಗೆದ ಚಿತ್ರಗಳನ್ನು ಕುರಿತದ್ದು ಅದು. ಚಿತ್ರದ ಅರ್ಥವನ್ನು ಅದರ ಒಡೆತನದಿಂದ, ಬಳಕೆಯಿಂದ ಬೇರ್ಪಡಿಸಲಾಗದು. ಕಂಪನಿ ತೆಗೆಸಿದ ಚಿತ್ರ ಆಡಳಿತದ ನೋಟವನ್ನೇ ಹೊತ್ತಿರುತ್ತದೆ ಎಂಬುದು ಅವರ ವಾದದ ತಿರುಳು. ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ಆದರೆ ಕೋಲಾರದಂಥ ಆಳದ ಗಣಿಗೆ ಇದಿಷ್ಟೇ ಸಾಲದು. ಕೆಲವು ಸಂಗತಿಗಳು ಮಾಲೀಕನ ಕೈಗೆ ಚಿತ್ರ ಸೇರುವ ಮೊದಲೇ, ಶಟರ್ ತೆರೆಯುವ ಗಳಿಗೆಯಲ್ಲೇ, ಹೊರಗುಳಿಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ದೂಳು.

ಕೋಲಾರದ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿತ್ತು. ಆ ಕಲ್ಲನ್ನು ಕೊರೆದಾಗ, ಸಿಡಿಸಿದಾಗ ಏಳುವ ಸಿಲಿಕಾ ದೂಳೇ ಸಿಲಿಕೋಸಿಸ್ ಕಾಯಿಲೆಯ ಮೂಲ. ಶ್ವಾಸಕೋಶದ ಆಳಕ್ಕಿಳಿಯುವ ಕಣಗಳು ಹೆಚ್ಚಾಗಿ 5 ಮೈಕ್ರಾನ್‌ಗಿಂತ ಸಣ್ಣವು. ಬಿಡಿಯಾಗಿ ಅವು ಬರಿಗಣ್ಣಿಗೂ ಮಸೂರಕ್ಕೂ ಕಾಣವು. ಕಾಣುವಷ್ಟು ದಪ್ಪ ದೂಳು ಎದ್ದಾಗ ಕ್ಯಾಮೆರಾದ ಪಕ್ಕದಲ್ಲೇ ಫ್ಲ್ಯಾಶ್ ಬಲ್ಬ್ ಹೊತ್ತಿಸಿದರೆ ಬೆಳಕು ಕಣಗಳಿಗೆ ತಾಗಿ ಮಸೂರದತ್ತ ಮರಳುತ್ತದೆ, ಚಿತ್ರ ಮಂಜು ಕವಿದಂತೆ ಬಿಳುಚಿಕೊಳ್ಳುತ್ತದೆ. ಹಾಗಾಗಿ ಚೊಕ್ಕ ಚಿತ್ರ ಬೇಕಾದವನು ಕೊರೆಯುವುದನ್ನು ನಿಲ್ಲಿಸಲು ಹೇಳಬೇಕು, ದೂಳು ಅಡಗುವವರೆಗೆ ಕಾಯಬೇಕು. ಡ್ರಿಲ್ ಹಿಡಿದು ನಿಂತ ಕಾರ್ಮಿಕನ ನಿಚ್ಚಳ ಚಿತ್ರ, ಬಹುಶಃ, ಕೆಲಸ ನಿಂತ ಗಳಿಗೆಯ ಚಿತ್ರ. ಮಾರ್ಗರೆಟ್ ಬರ್ಕ್-ವೈಟ್ 1950ರಲ್ಲಿ ಜೊಹಾನ್ಸ್‌ಬರ್ಗ್‌ನ ಚಿನ್ನದ ಗಣಿಯಲ್ಲಿ ತೆಗೆದ ಇಬ್ಬರು ಕಾರ್ಮಿಕರ ಪ್ರಸಿದ್ಧ ಚಿತ್ರದಲ್ಲಿ ಮೈಮೇಲಿನ ಬೆವರು ಹೊಳೆಯುತ್ತದೆ. ಕಾವು ಮೈಮೇಲೆ ಗುರುತು ಬಿಟ್ಟಿದೆ; ಅವರು ಉಸಿರಾಡಿದ ಗಾಳಿ ಯಾವ ಗುರುತನ್ನೂ ಬಿಟ್ಟಿಲ್ಲ.

ಹಾಗಾದರೆ ತಪ್ಪೆಲ್ಲ ತಂತ್ರಜ್ಞಾನದ್ದೇ? ಇಲ್ಲಿ ಕೋಲಾರವೇ ಒದಗಿಸುವ ಸಾಕ್ಷ್ಯವೊಂದಿದೆ. ಕೈಗಾರಿಕಾ ಛಾಯಾಗ್ರಹಣದ ಚರ್ಚೆಗೆ ಅದನ್ನೂ ಸೇರಿಸಿಕೊಳ್ಳಬೇಕು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹ್ಯಾಮ್ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಕುರುಹನ್ನು ಹಿಡಿದರು. ಕಣ ಹಾದಾಗ ಮಿನುಗುವ ನಿಯಾನ್ ನಳಿಕೆಗಳನ್ನು ದಾಖಲಿಸಿದ್ದು ಕ್ಯಾಮೆರಾಗಳೇ. ಕಣ್ಣಿಗೆ ಕಾಣದ್ದನ್ನು ಕಾಣಿಸಲು ಸಂಸ್ಥೆಗಳು ಮನಸ್ಸು ಮಾಡಿದಾಗ ಅದೇ ಆಳದಲ್ಲಿ ಅದಕ್ಕೆ ತಕ್ಕ ಏರ್ಪಾಡು ಸಾಧ್ಯವಾಯಿತು.

ಆದ್ದರಿಂದ ನನ್ನ ವಾದ ಹೀಗಿದೆ: ಗಣಿಚಿತ್ರದಲ್ಲಿ ದೂಳು ಕಾಣದಿರುವುದು ಕಂಪನಿ ಮುಚ್ಚಿಟ್ಟದ್ದರ ಪುರಾವೆಯಲ್ಲ, ಗಾಳಿ ಶುದ್ಧವಿತ್ತೆಂಬುದರ ಪುರಾವೆ ಮೊದಲೇ ಅಲ್ಲ. ಚೆಂದದ ಚಿತ್ರಕ್ಕೆ ಬೇಕಾದ ಸ್ಥಿತಿ ಮತ್ತು ಕೆಲಸದ ನಿಜಸ್ಥಿತಿ ಒಂದನ್ನೊಂದು ಹೊರದೂಡುತ್ತಿದ್ದವು. ಈ ಮಾತಿಗೆ ಮಿತಿಗಳುಂಟು. ನ್ಯೂಟ್ರಿನೊ ಪ್ರಯೋಗ ಸಜ್ಜುಗೊಳಿಸಿದ ಕೋಣೆಯಲ್ಲಿ ನಡೆಯಿತು, ಅದಿರು ಒಡೆಯುವ ಸ್ಟೋಪ್‌ನಲ್ಲಲ್ಲ. ಎರಡನ್ನೂ ನೇರವಾಗಿ ಸರಿದೂಗಿಸುವುದು ತಪ್ಪಾದೀತು. ನೀರು ಹಾಯಿಸಿ ಕೊರೆಯುವಾಗ ದೂಳು ಕಡಿಮೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ದೂರವಿಟ್ಟರೆ ಮಂಜೂ ಕಡಿಮೆ. ಹೆಡ್‌ಗೇರ್, ಗಿರಣಿ, ಸೈನೈಡ್ ದಿಬ್ಬಗಳ ಚಿತ್ರಗಳಿಗಂತೂ ಈ ವಾದ ಅನ್ವಯಿಸುವುದೇ ಇಲ್ಲ. ಅಲ್ಲಿ ಸೆಕುಲಾ ಅವರ ಓದೇ ಹೆಚ್ಚು ಗಟ್ಟಿ.

ಇದನ್ನು ಒರೆಗೆ ಹಚ್ಚಲು ಅಚ್ಚಾದ ಒಂಟಿ ಚಿತ್ರ ಸಾಲದು, ನೆಗೆಟಿವ್‌ಗಳ ಅನುಕ್ರಮ ಬೇಕು: ಒಂದೇ ಜಾಗದಲ್ಲಿ ಎಷ್ಟು ಸಲ ತೆಗೆದರು, ಮಬ್ಬಾದದ್ದನ್ನು ಬದಿಗಿಟ್ಟರೇ ಎಂಬುದು ಅಲ್ಲಿ ತಿಳಿಯಬಹುದು. ಚಿತ್ರಕ್ಕಾಗಿ ಡ್ರಿಲ್ ನಿಲ್ಲಿಸಿ ನಿಂತವರ ನೆನಪೂ ದಾಖಲಾಗಬೇಕು. ಆ ಕೆಲಸಕ್ಕೆ ತಡಮಾಡುವಂತಿಲ್ಲ, ಗಣಿಗಿಳಿದವರಿಗೆ ವಯಸ್ಸಾಗುತ್ತಿದೆ. ಕಾರ್ಮಿಕರೇ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡ ಚಿತ್ರಗಳನ್ನು ಈ ಓದಿನೊಳಗೆ ಹೇಗೆ ತರಬೇಕೆಂಬುದು ಬೇರೆಯೇ ಪ್ರಶ್ನೆ. ಅದನ್ನು ಇಲ್ಲಿ ಕೈಗೆತ್ತಿಕೊಂಡಿಲ್ಲ.